ಸ್ಟೆಂಟ್ ಆಮೇಲೆ ಹಾಕಿಸೋಣ, ಮೊದಲು ಸ್ಕ್ಯಾನ್ ಮುಗಿಯಲಿ

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆ ತೋಟ ಇದೆ. ಒಂದು ತಿಂಗಳ ಹಿಂದೆ ಮೈಯೆಲ್ಲ ತುರಿಕೆ ಶುರುವಾಯಿತು, ಆಮೇಲೆ ಕಣ್ಣು ಹಳದಿಯಾಯಿತು. ಹೊಟ್ಟೆನೋವು ಇಲ್ಲ, ಜ್ವರ ಇಲ್ಲ. ಎರಡು ವಾರ ಕಾಮಾಲೆಗೆ ಊರಿನ ಔಷಧಿ ಕೊಡಿಸಿದೆವು, ಕಡಿಮೆಯಾಗಲಿಲ್ಲ. ಈಗ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) 9 ಇದೆ. ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ‘ಲಿವರ್ ಒಳಗಿನ ಪಿತ್ತನಾಳಗಳು ಹಿಗ್ಗಿವೆ, ಹೈಲಮ್ ಹತ್ತಿರ ತಡೆ ಇದೆ, ಸಿಬಿಡಿ ನಾರ್ಮಲ್, ಕಲ್ಲು ಕಾಣುತ್ತಿಲ್ಲ’ ಎಂದಿದೆ. ಡಾಕ್ಟರು ಗೆಡ್ಡೆ ಇರಬಹುದು ಅಂದು ಸಿಟಿ ಮತ್ತು ಎಂಆರ್‌ಸಿಪಿ ಎರಡನ್ನೂ ಬರೆದುಕೊಟ್ಟಿದ್ದಾರೆ. ಇನ್ನೊಬ್ಬರು ‘ನಾಳೆಯೇ ಸ್ಟೆಂಟ್ ಹಾಕಿಬಿಡೋಣ, ಮೊದಲು ಕಾಮಾಲೆ ಇಳಿಯಲಿ’ ಅನ್ನುತ್ತಾರೆ. ಇಷ್ಟೊಂದು ಸ್ಕ್ಯಾನ್ ಯಾಕೆ? ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಒಂದರಲ್ಲೇ ಗೊತ್ತಾಗುವುದಿಲ್ಲವೇ? ಸೂಜಿ ಚುಚ್ಚಿದರೆ ಹರಡುತ್ತದೆ ಅನ್ನುವುದು ನಿಜವೇ? ಇಷ್ಟು ರೇಡಿಯೇಷನ್‌ನಿಂದ ತೊಂದರೆ ಆಗುವುದಿಲ್ಲವೇ? ನಾವು ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ: ಅವಸರದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಂದೆಯವರಿಗೆ ಚಳಿಜ್ವರ ಇಲ್ಲ, ಮಂಕು ಕವಿದಂತೆ ಇಲ್ಲ, ಮೂತ್ರ ಕಡಿಮೆಯಾಗಿಲ್ಲ ಅಂದರೆ ಸ್ಟೆಂಟ್, ಅಂದರೆ ಕಟ್ಟಿದ ನಾಳ ತೆರೆದಿಡಲು ಒಳಗೆ ಕೂರಿಸುವ ಸಣ್ಣ ಕೊಳವೆ, ನಾಳೆಯೇ ಬೇಡ. ಸಿಟಿ, ಎಂಆರ್‌ಸಿಪಿ ಎರಡೂ ಮುಗಿಯಲಿ. ಮನಸ್ಸು ಮಾಡಿದರೆ ಎರಡು ಮೂರು ದಿನದ ಕೆಲಸ ಅಷ್ಟೇ. ಆ ಎರಡು ದಿನ ಕಾಯದೆ ಸ್ಟೆಂಟ್ ಹಾಕಿಸಿಕೊಂಡು ಬಂದವರ ಸ್ಕ್ಯಾನ್ ಓದುವುದು ಎಷ್ಟು ಕಷ್ಟ ಅನ್ನೋದು ನನಗೆ ಗೊತ್ತು. ನಾನು ರೇಡಿಯಾಲಜಿಸ್ಟ್. ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರ ಹೊಟ್ಟೆ ನೋಡುವುದೇ ನನ್ನ ಕೆಲಸ.

ನೀವು ಶಿವಮೊಗ್ಗದ ಕಡೆಯವರು, ಹಾಗಾಗಿ ವಿವರಿಸುವುದು ಸುಲಭ. ಕೂಡ್ಲಿ ನೋಡಿರುತ್ತೀರಿ. ತುಂಗೆ ಒಂದು ಕಡೆಯಿಂದ, ಭದ್ರೆ ಇನ್ನೊಂದು ಕಡೆಯಿಂದ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ತುಂಗಭದ್ರೆ. ಲಿವರ್ ಒಳಗೂ ಹೀಗೇ. ಸಣ್ಣ ಸಣ್ಣ ಹಳ್ಳಗಳು ಕೂಡಿ ಬಲಗಡೆ ಒಂದು ನಾಳ, ಎಡಗಡೆ ಒಂದು ನಾಳ ಆಗುತ್ತವೆ. ಎರಡೂ ಲಿವರ್‌ನ ಬಾಗಿಲಲ್ಲಿ ಸೇರುತ್ತವೆ. ಆ ಬಾಗಿಲನ್ನೇ ಹೈಲಮ್ ಅನ್ನುವುದು. ಅಲ್ಲಿಂದ ಒಂದೇ ನಾಳವಾಗಿ ಕೆಳಗಿಳಿಯುತ್ತದೆ. ಪಿತ್ತಕೋಶ, ಅಂದರೆ ಗಾಲ್‌ಬ್ಲಾಡರ್, ಪಕ್ಕದ ಕೆರೆ ಇದ್ದ ಹಾಗೆ. ಒಂದು ಸಣ್ಣ ಕಾಲುವೆಯಿಂದ ಬಂದು ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದಿನದ್ದೇ ನಿಮ್ಮ ರಿಪೋರ್ಟಿನ ಸಿಬಿಡಿ. ಅದು ಪ್ಯಾಂಕ್ರಿಯಾಸ್‌ನ ತಲೆಯನ್ನು ಹಾದು ಸಣ್ಣ ಕರುಳಿಗೆ ಬೀಳುತ್ತದೆ.

ಹೊಳೆಗೆ ಎಲ್ಲಿ ಅಡ್ಡ ಬಿದ್ದಿದೆ ಅಂತ ತಿಳಿಯಬೇಕಾದರೆ ನೀರು ಎಲ್ಲಿಯವರೆಗೆ ನಿಂತಿದೆ ನೋಡಬೇಕು. ತೀರಾ ಕೆಳಗೆ, ಕರುಳಿನ ಹತ್ತಿರ ಅಡ್ಡ ಬಿದ್ದರೆ ಮೇಲಿನದ್ದೆಲ್ಲ ಉಬ್ಬುತ್ತದೆ. ಪಕ್ಕದ ಕೆರೆಯೂ ತುಂಬುತ್ತದೆ. ಆಗ ಪಿತ್ತಕೋಶ ಹೊಟ್ಟೆಯ ಮೇಲೆ ಕೈಯಿಟ್ಟರೆ ಸಿಗುವಷ್ಟು ಊದಿಕೊಂಡಿರಬಹುದು, ಆದರೂ ನೋವಿಲ್ಲ. ಕಾಮಾಲೆಯ ಜೊತೆ ಹೀಗಿದ್ದರೆ ಅದು ಕಲ್ಲು ಆಗಿರುವ ಸಾಧ್ಯತೆ ಕಡಿಮೆ ಅಂತ ಸ್ವಿಸ್ ಸರ್ಜನ್ ಕುರ್ವೋಯ್ಸಿಯೆ 1890ರಲ್ಲೇ ಬರೆದಿದ್ದಾರೆ. ಯಾವ ಸ್ಕ್ಯಾನೂ ಇಲ್ಲದ ಕಾಲ ಅದು. ಸರ್ಜನ್‌ಗಳು ಇವತ್ತಿಗೂ ಆ ಜಾಗ ಮುಟ್ಟಿ ನೋಡದೆ ಬಿಡುವುದಿಲ್ಲ.

ನಿಮ್ಮ ತಂದೆಯವರದ್ದು ಹಾಗಲ್ಲ. ಅಡ್ಡ ಬಿದ್ದಿರುವುದು ಕೂಡ್ಲಿಯಲ್ಲೇ. ತುಂಗೆ, ಭದ್ರೆ ಎರಡೂ ಉಬ್ಬಿವೆ, ಕೆಳಗೆ ಹೊಳೆ ಸಣ್ಣಗಿದೆ. ಇಲ್ಲಿ ಒಂದು ಮಾತು ಹೇಳಬೇಕು. ‘ಸಿಬಿಡಿ ನಾರ್ಮಲ್’ ಅನ್ನುವುದನ್ನು ಓದಿ ಎಷ್ಟೋ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸಾಮಾನ್ಯವಾಗಿ ಆ ನಾಳ 6–7 ಮಿಲಿಮೀಟರ್ ಒಳಗೇ ಇರುತ್ತದೆ, ಇದ್ದರೆ ಒಳ್ಳೆಯದೇ. ಆದರೆ ಮೇಲೆ ನೀರು ನಿಂತಿರುವಾಗ ಕೆಳಗೆ ನಾರ್ಮಲ್ ಅಂದರೆ ಅದು ಸಮಾಧಾನದ ಮಾತಲ್ಲ. ತಡೆ ಎತ್ತರದಲ್ಲಿದೆ ಎಂದಷ್ಟೇ ಅದರ ಅರ್ಥ. ಪಿತ್ತನಾಳದ ಗೆಡ್ಡೆಗಳಲ್ಲಿ ಅರ್ಧಕ್ಕೆ ಸ್ವಲ್ಪ ಜಾಸ್ತಿಯೇ ಹುಟ್ಟುವುದು ಈ ಸಂಗಮದಲ್ಲಿ. 1965ರಲ್ಲಿ ಅಮೆರಿಕದ ಜೆರಾಲ್ಡ್ ಕ್ಲಾಟ್ಸ್‌ಕಿನ್ ಇಂಥ 13 ರೋಗಿಗಳ ವಿವರ ಪ್ರಕಟಿಸಿದರು. ಅಂದಿನಿಂದ ಈ ಗೆಡ್ಡೆಗೆ ಕ್ಲಾಟ್ಸ್‌ಕಿನ್ ಟ್ಯೂಮರ್ ಅಂತಲೇ ಹೆಸರು. ರಿಪೋರ್ಟಿನಲ್ಲಿ ಮುಂದೆ ಈ ಪದ ಕಂಡರೆ ಹೊಸ ಕಾಯಿಲೆ ಅಂತ ಗಾಬರಿಯಾಗಬೇಡಿ.

ಇನ್ನೊಂದು ವಿಚಿತ್ರವಿದೆ. ಬರೀ ಭದ್ರೆಗೆ ಮಾತ್ರ ಅಡ್ಡ ಬಿದ್ದರೆ ತುಂಗೆ ಸುಮ್ನೆ ಹರಿಯುತ್ತಲೇ ಇರುತ್ತದೆ. ಆಗ ಕಾಮಾಲೆಯೇ ಬರದೇ ಇರಬಹುದು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಮಾತ್ರ ಏರಿರುತ್ತದೆ. ಅಡ್ಡ ಬಿದ್ದ ಕಡೆಯ ಲಿವರ್ ತಿಂಗಳುಗಟ್ಟಲೆ ಒಳಗೊಳಗೇ ಬಡವಾಗುತ್ತಾ ಹೋಗುತ್ತದೆ. ಕಣ್ಣು ಹಳದಿಯಾಗುವಷ್ಟರಲ್ಲಿ ಎರಡೂ ಕಡೆಗೆ ಹಬ್ಬಿರುತ್ತದೆ. ಹಾಗಾಗಿ ನೀವು ಎರಡು ವಾರ ಊರಿನ ಔಷಧಿ ಕೊಡಿಸಿದ್ದಕ್ಕೇ ಎಲ್ಲ ಕೆಟ್ಟಿತು ಅಂತ ಕೊರಗಬೇಡಿ. ಆದರೆ ಈಗ ಆ ಔಷಧಿ ನಿಲ್ಲಿಸಿಬಿಡಿ. ಏನೇನು ಬೆರೆಸಿದ್ದಾರೋ ಗೊತ್ತಿಲ್ಲದ ಕಷಾಯ ದಣಿದ ಲಿವರ್‌ಗೆ ಇನ್ನೊಂದು ಹೊರೆ.

ಈಗ ಸ್ಕ್ಯಾನ್‌ಗಳ ವಿಷಯ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ಅದಕ್ಕೇ ಇಷ್ಟೊಂದು.

ಅಲ್ಟ್ರಾಸೌಂಡ್ ತನ್ನ ಕೆಲಸ ಮಾಡಿ ಆಯಿತು. ನಾಳ ಉಬ್ಬಿದೆಯೇ, ಪಿತ್ತಕೋಶದಲ್ಲಿ ಕಲ್ಲಿದೆಯೇ ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಗೆಡ್ಡೆಯನ್ನೇ ತೋರಿಸು ಅಂದರೆ ಬಹಳ ಸಲ ಆಗುವುದಿಲ್ಲ. ಗೆಡ್ಡೆ ಅಂದ ತಕ್ಷಣ ಜನ ನಿಂಬೆಹಣ್ಣಿನ ಗಾತ್ರದ್ದು ಊಹಿಸಿಕೊಳ್ಳುತ್ತಾರೆ. ಈ ಜಾಗದಲ್ಲಿ ಅಂಥ ಉಂಡೆ ಸಿಗುವುದು ಕಡಿಮೆ. ನಾಳದ ಗೋಡೆಯೇ ದಪ್ಪವಾಗುತ್ತಾ, ಗಟ್ಟಿಯಾಗುತ್ತಾ, ಉದ್ದಕ್ಕೆ ತೆವಳುತ್ತಾ ಹೋಗುತ್ತದೆ. ಬೋರ್‌ವೆಲ್ ನೀರಿನ ಹಳೇ ಪೈಪಿನೊಳಗೆ ಸುಣ್ಣ ಕಟ್ಟುತ್ತದಲ್ಲ, ನೋಡಲು ಹಾಗೆ. ಕೆಳಗಿನ ಭಾಗ ನೋಡೋಣ ಅಂದರೆ ಕರುಳಿನ ಗ್ಯಾಸ್ ಅಡ್ಡ ಬರುತ್ತದೆ. ಆರು ಗಂಟೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು ಇದಕ್ಕೇ. ದಾರಿಯಲ್ಲಿ ಒಂದು ಲೋಟ ಕಾಫಿ ಕುಡಿದು ಬಂದು ‘ತಿಂಡಿ ತಿಂದಿಲ್ಲ ಸಾರ್’ ಅನ್ನುವವರಿಗೆ ಲೆಕ್ಕವಿಲ್ಲ.

ಎಂಆರ್‌ಸಿಪಿ ಅಂದರೆ ಎಂಆರ್‌ಐ ಮೆಷಿನ್‌ನಲ್ಲೇ ತೆಗೆಯುವ ಪಿತ್ತನಾಳದ ಚಿತ್ರ. ಇದು 1991ರಲ್ಲಿ ಮೊದಲು ವರದಿಯಾದ ವಿಧಾನ. ಅದಕ್ಕೂ ಮೊದಲು ನಾಳದ ಚಿತ್ರ ಬೇಕೆಂದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ, ಇಲ್ಲವೇ ಪಕ್ಕೆಯಿಂದ ಸೂಜಿ ಹಾಕಿ ಬಣ್ಣ ತುಂಬಬೇಕಿತ್ತು. ಇದರಲ್ಲಿ ಬಣ್ಣವೂ ಇಲ್ಲ, ಎಕ್ಸ್‌ರೇಯೂ ಇಲ್ಲ. ನಿಂತ ನೀರು ಮಾತ್ರ ಬೆಳ್ಳಗೆ ಕಾಣುವಂತೆ ಮೆಷಿನ್ ಹೊಂದಿಸುತ್ತೇವೆ. ಉಳಿದದ್ದೆಲ್ಲ ಕಪ್ಪು. ಆಗ ಪಿತ್ತನಾಳಗಳು ಕಪ್ಪು ಹಿನ್ನೆಲೆಯಲ್ಲಿ ಎಲೆ ಉದುರಿದ ಬಿಳಿ ಮರದಂತೆ ಎದ್ದು ನಿಲ್ಲುತ್ತವೆ. ಹೊಟ್ಟೆಯಲ್ಲಿ, ಕರುಳಲ್ಲಿ ಇರುವ ನೀರೂ ಬೆಳ್ಳಗೆ ಕಂಡು ಆ ಮರವನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಕೆಲವು ಕಡೆ ಸ್ಕ್ಯಾನ್‌ಗೆ ಮೊದಲು ಅನಾನಸ್ ಜ್ಯೂಸ್ ಕುಡಿಸುತ್ತಾರೆ. ತಮಾಷೆಯಲ್ಲ. ಅನಾನಸ್‌ನಲ್ಲಿರುವ ಮ್ಯಾಂಗನೀಸ್ ಆ ಬಿಳುಪನ್ನು ಅಡಗಿಸುತ್ತದೆ. ನಿಮ್ಮ ಪಕ್ಕದ ಬನವಾಸಿ ಸೀಮೆಯ ಹಣ್ಣಿಗೆ ಇಂಥ ಉಪಯೋಗವೂ ಇದೆ ನೋಡಿ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಮೊದಲೇ ಹೇಳಿಬಿಡಿ.

ಆ ಬಿಳಿ ಮರದಲ್ಲಿ ಕೊಂಬೆ ಕಡಿದ ರೀತಿಯನ್ನು ನೋಡುತ್ತೇವೆ. ಕಲ್ಲು ಕೂತಿದ್ದರೆ ಬಿಳುಪು ಬಿದಿಗೆ ಚಂದ್ರನಂತೆ ಬಾಗಿ ನಿಲ್ಲುತ್ತದೆ. ಕಲ್ಲು ಆ ಬಟ್ಟಲಲ್ಲಿ ಕೂತಂತೆ ಕಾಣುತ್ತದೆ. ಗೆಡ್ಡೆಯಾದರೆ ಚೂರಿಯಿಂದ ಕತ್ತರಿಸಿದಂತೆ ತಟಕ್ಕನೆ ನಿಂತುಹೋಗುತ್ತದೆ, ಅಂಚು ಒರಟಾಗಿರುತ್ತದೆ. ಅಲ್ಲಲ್ಲಿ ಸಪೂರ, ಅಲ್ಲಲ್ಲಿ ದಪ್ಪ, ಮಣಿಸರದಂತೆ ಇದ್ದರೆ ಅದು ಪಿತ್ತನಾಳದ ಬೇರೆಯೇ ಉರಿಯೂತ. ಇಲ್ಲಿ ಒಂದು ಮೋಸವೂ ಇದೆ. ಬಲಗಡೆಯ ರಕ್ತನಾಳ ಪಿತ್ತನಾಳಕ್ಕೆ ಒತ್ತಿಕೊಂಡೇ ಹಾದುಹೋಗುತ್ತದೆ. ಮನೆಯವರ ಕೈಗೆ ಕೊಡುವ ಚೆಂದದ ಮೂರು ಆಯಾಮದ ಚಿತ್ರದಲ್ಲಿ ಆ ಒತ್ತೂ ನಾಳ ಕಡಿದಂತೆಯೇ ಕಾಣಬಹುದು. ಹಾಗಾಗಿ ನಾವು ಆ ಚಿತ್ರವನ್ನು ನೆಚ್ಚುವುದಿಲ್ಲ. ಅದರ ಹಿಂದಿರುವ ತೆಳು ತೆಳು ಸ್ಲೈಸ್‌ಗಳನ್ನು ಒಂದೊಂದಾಗಿ ನೋಡುತ್ತೇವೆ.

ಎಂಆರ್‌ಸಿಪಿ ತೋರಿಸುವುದು ನೀರನ್ನು ಮಾತ್ರ. ನಾಳದ ಗೋಡೆ, ಅದರಾಚೆ ಏನಿದೆ ಅನ್ನುವುದು ಅದರಲ್ಲಿ ಇರುವುದಿಲ್ಲ. ‘ಬರೀ ಎಂಆರ್‌ಸಿಪಿಯೋ, ಕಾಂಟ್ರಾಸ್ಟ್ ಎಂಆರ್‌ಐ ಕೂಡ ಸೇರಿದೆಯೋ’ ಅಂತ ಡಾಕ್ಟರನ್ನು ಕೇಳಿ. ಕಾಂಟ್ರಾಸ್ಟ್ ಅಂದರೆ ಚಿತ್ರ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ. ಸೇರಿದ್ದರೆ ಒಳ್ಳೆಯದು. ತಂದೆಯವರಿಗೆ ಪೇಸ್‌ಮೇಕರ್ ಇದೆಯಾ ಅಂತ ಅಲ್ಲಿ ಕೇಳುತ್ತಾರೆ. ಅರ್ಧ ಮುಕ್ಕಾಲು ಗಂಟೆ ಒಳಗೆ ಮಲಗಿರಬೇಕು, ಸದ್ದು ಜೋರು.

ಸಿಟಿಯ ಕೆಲಸ ಬೇರೆ. ಕೂಡ್ಲಿಯಲ್ಲಿ ಪಿತ್ತನಾಳ ಒಂಟಿಯಾಗಿಲ್ಲ. ಲಿವರ್‌ಗೆ ರಕ್ತ ತರುವ ಅಪಧಮನಿ, ಪೋರ್ಟಲ್ ವೇನ್ ಎರಡೂ ಅಲ್ಲೇ ಮೈಗೆ ಮೈ ತಾಗಿಸಿಕೊಂಡಿವೆ. ಗೆಡ್ಡೆ ಅವುಗಳನ್ನು ಹಿಡಿದಿದೆಯಾ, ಸುತ್ತ ಗ್ರಂಥಿಗಳು ಊದಿವೆಯಾ, ಶ್ವಾಸಕೋಶಕ್ಕೆ ಹೋಗಿದೆಯಾ ಅನ್ನುವುದಕ್ಕೆ ಸಿಟಿಯೇ ಬೇಕು. ಕೈಯ ನರಕ್ಕೆ ಕಾಂಟ್ರಾಸ್ಟ್ ಬಿಟ್ಟು ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆಯುತ್ತೇವೆ. ಮೈಯೆಲ್ಲ ಬಿಸಿಯಾದಂತೆ ಅನಿಸುತ್ತದೆ, ಒಂದು ನಿಮಿಷದಲ್ಲಿ ಹೋಗುತ್ತದೆ.

ಈ ಹೊತ್ತಿನ ಲೆಕ್ಕ ಮುಖ್ಯ. ಲಿವರ್‌ನ ಮಾಮೂಲಿ ಕ್ಯಾನ್ಸರ್ ಕರ್ಪೂರದಂತೆ. ಅರ್ಧ ನಿಮಿಷದಲ್ಲಿ ಭಗ್ಗನೆ ಹೊತ್ತಿ ಆಮೇಲೆ ಆರಿಹೋಗುತ್ತದೆ. ಪಿತ್ತನಾಳದ ಗೆಡ್ಡೆ ಹಸಿ ಕಟ್ಟಿಗೆಯಂತೆ. ಅದರ ತುಂಬ ನಾರು ಇರುವುದರಿಂದ ಕಾಂಟ್ರಾಸ್ಟ್ ನಿಧಾನಕ್ಕೆ ಇಳಿಯುತ್ತದೆ, ಇಳಿದದ್ದು ಬೇಗ ಬಿಟ್ಟು ಹೋಗುವುದಿಲ್ಲ. ಮೂರರಿಂದ ಐದು ನಿಮಿಷ ಕಾದು ತೆಗೆದ ಚಿತ್ರದಲ್ಲಿ ಸುತ್ತಲಿನ ಲಿವರ್ ಮಂಕಾಗಿರುವಾಗ ಇದು ಮಾತ್ರ ಬೆಳಗುತ್ತಾ ಇರುತ್ತದೆ. ಅವಸರದ ಕೇಂದ್ರಗಳಲ್ಲಿ 70 ಸೆಕೆಂಡಿನ ಒಂದೇ ಸುತ್ತು ತೆಗೆದು ಕಳಿಸಿಬಿಡುತ್ತಾರೆ. ಅದರಲ್ಲಿ ಗೆಡ್ಡೆ ಲಿವರ್ ಜೊತೆ ಬೆರೆತು ಕಾಣದೇ ಹೋಗಬಹುದು. ಆಮೇಲೆ ಮತ್ತೆ ಸಿಟಿ. ಅದರ ಬದಲು ‘ತಡವಾದ ಹಂತವೂ ಸೇರಿದ ಟ್ರಿಪಲ್ ಫೇಸ್ ಸಿಟಿ’ ಅಂತ ಚೀಟಿಯಲ್ಲೇ ಬರೆಸಿಕೊಂಡು ಹೋಗಿ. ಹೋಗುವ ಮೊದಲು ಕಿಡ್ನಿಯ ರಕ್ತಪರೀಕ್ಷೆ ಕ್ರಿಯೇಟಿನಿನ್ ನೋಡಿಸಿ, ಕಾಮಾಲೆ ಇದ್ದಾಗ ಕಿಡ್ನಿ ಸೂಕ್ಷ್ಮವಾಗಿರುತ್ತದೆ.

ಇನ್ನು ಸ್ಟೆಂಟ್. ಕೆಲವು ವರ್ಷಗಳ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಸಿಟಿ ನನ್ನ ಮುಂದೆ ಬಂತು. ಬೇರೆಲ್ಲೋ ಕಾಮಾಲೆ ಅಂತ ಕಂಡ ಕೂಡಲೇ ಪ್ಲಾಸ್ಟಿಕ್ ಸ್ಟೆಂಟ್ ಹಾಕಿ, ಎರಡು ಸಲ ಚಳಿಜ್ವರ ಬಂದ ಮೇಲೆ ಸ್ಕ್ಯಾನ್‌ಗೆ ಕಳಿಸಿದ್ದರು. ನಾಳಗಳೆಲ್ಲ ಖಾಲಿಯಾಗಿ ಮುದುಡಿದ್ದವು. ಒಳಗೆ ಗಾಳಿ. ಸ್ಟೆಂಟ್ ತಾಗಿ ತಾಗಿ ನಾಳದ ಗೋಡೆ ಉದ್ದಕ್ಕೂ ದಪ್ಪವಾಗಿ ಹೊಳೆಯುತ್ತಿತ್ತು. ಅದರಲ್ಲಿ ಗೆಡ್ಡೆ ಎಷ್ಟು, ಸೋಂಕಿನ ಊತ ಎಷ್ಟು? ಆ ರಿಪೋರ್ಟಿನಲ್ಲಿ ‘ಖಚಿತವಾಗಿ ಹೇಳಲಾಗದು’ ಅಂತ ಮೂರು ಕಡೆ ಬರೆದೆ. ಸರ್ಜನ್‌ಗೆ ಬೇಕಾಗಿದ್ದೇ ಆ ಮೂರು ಉತ್ತರ.

ಯಾಕೆ ಅಂದರೆ ಆಪರೇಷನ್ ಆಗುತ್ತದೋ ಇಲ್ಲವೋ ಅನ್ನುವುದು ಕೆಲವು ಮಿಲಿಮೀಟರ್‌ಗಳ ಲೆಕ್ಕ. ಗೆಡ್ಡೆ ಸಂಗಮಕ್ಕಿಂತ ಕೆಳಗಿದ್ದರೆ ಬಿಸ್ಮತ್ ಒಂದನೇ ಬಗೆ ಅನ್ನುತ್ತಾರೆ. ಸಂಗಮ ಮುಟ್ಟಿದರೆ ಎರಡು. ಒಂದೇ ಕಡೆ ಒಳಕ್ಕೆ ಹತ್ತಿದರೆ ಮೂರು. ಎರಡೂ ಕಡೆ ಹತ್ತಿದರೆ ನಾಲ್ಕು. ಮೂರನೆಯದಾದರೆ ಆ ಕಡೆಯ ಲಿವರ್ ಅರ್ಧವನ್ನೇ ತೆಗೆಯಬೇಕಾಗುತ್ತದೆ. ಉಳಿಯುವ ಅರ್ಧ ಸಾಕಾಗುತ್ತದಾ ಅಂತ ಸಿಟಿಯಲ್ಲೇ ಅಳೆಯುತ್ತೇವೆ. ಕಾಮಾಲೆಯಲ್ಲಿ ನೆನೆದ ಲಿವರ್ ಆದರೆ ನೂರಕ್ಕೆ 40ರಷ್ಟಾದರೂ ಉಳಿಯಲಿ ಅಂತ ಸರ್ಜನ್‌ಗಳು ಬಯಸುತ್ತಾರೆ. ಸಾಲದಿದ್ದರೆ ತೆಗೆಯುವ ಕಡೆಯ ಪೋರ್ಟಲ್ ವೇನ್ ಮುಚ್ಚಿ, ಉಳಿಯುವ ಕಡೆ ಬೆಳೆಯಲಿ ಅಂತ ಕೆಲವು ವಾರ ಕಾಯುವ ಉಪಾಯವೂ ಇದೆ.

ಕಾಮಾಲೆ ಇಳಿಸುವುದಿದ್ದರೂ ಮೊದಲು ನಕ್ಷೆ ಬೇಕು. ಯಾವ ಕಡೆಯ ಲಿವರ್ ಉಳಿಯುತ್ತದೋ ಆ ಕಡೆಯ ನಾಳವನ್ನೇ ಬಸಿಯಬೇಕು. ನಕ್ಷೆಯಿಲ್ಲದೆ ಇಆರ್‌ಸಿಪಿ (ಬಾಯಿಂದ ಎಂಡೋಸ್ಕೋಪ್ ಇಳಿಸಿ ನಾಳಕ್ಕೆ ಬಣ್ಣ ಬಿಡುವ ವಿಧಾನ) ಮಾಡಿ ಸಿಕ್ಕ ನಾಳಗಳಿಗೆಲ್ಲ ಬಣ್ಣ ಬಿಟ್ಟರೆ, ಬಸಿಯದೆ ಉಳಿದ ನಾಳದಲ್ಲಿ ಆ ಬಣ್ಣ ನಿಂತು ಕೀವಾಗುತ್ತದೆ. ಎಂಆರ್‌ಸಿಪಿ ನೋಡಿದ ಮೇಲೆ ಕೆಲವರಿಗೆ ಬಾಯಿಂದ ಸ್ಟೆಂಟ್ ಹಾಕುವುದಕ್ಕಿಂತ ಪಕ್ಕೆಯಿಂದ ಸಣ್ಣ ನಳಿಕೆ ಹಾಕುವುದೇ ವಾಸಿ ಅಂತ ತೀರ್ಮಾನವಾಗುವುದೂ ಉಂಟು.

ಇದಕ್ಕೆಲ್ಲ ಒಂದೇ ವಿನಾಯಿತಿ. ಚಳಿಯಿಟ್ಟು ಜ್ವರ, ಹಳದಿ ಕಣ್ಣು, ಬಲ ಪಕ್ಕೆಯ ಕೆಳಗೆ ನೋವು. ಫ್ರಾನ್ಸಿನ ಷಾರ್ಕೋ 1877ರಲ್ಲಿ ಗುರುತಿಸಿದ ಈ ಮೂರು ಸೇರಿದರೆ ನಿಂತ ಪಿತ್ತಕ್ಕೆ ಸೋಂಕು ತಗುಲಿದೆ ಅಂತ. ಆಗ ಯಾವ ಸ್ಕ್ಯಾನ್‌ಗೂ ಕಾಯಬಾರದು, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ. ವಯಸ್ಸಾದವರಿಗೆ ಜ್ವರ ಗೊತ್ತಾಗದೆ ಬರೀ ಮಂಕು ಕವಿಯಬಹುದು, ಅದನ್ನೂ ಗಮನಿಸಿ.

ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಒಂದು ಸ್ಕ್ಯಾನ್ ಹೇಳುತ್ತದಾ ಅಂತ ಕೇಳಿದ್ದೀರಿ. ಹೇಳುವುದಿಲ್ಲ. ಎರಡು ಹೇಳಿದರೂ ನೂರಕ್ಕೆ ನೂರು ಅಲ್ಲ. ಕ್ಯಾನ್ಸರ್ ಅಂತ ನಂಬಿ ತೆಗೆದ ಹೈಲಮ್ ಗೆಡ್ಡೆಗಳಲ್ಲಿ ಹತ್ತಕ್ಕೆ ಒಂದರಷ್ಟು ಆಮೇಲೆ ಮೈಕ್ರೋಸ್ಕೋಪ್ ಅಡಿಯಲ್ಲಿ ಕ್ಯಾನ್ಸರ್ ಅಲ್ಲ ಅಂತ ಬರುತ್ತವೆ. ಈ ಜಾಗದಲ್ಲಿ ವೇಷ ಹಾಕುವವರು ಜಾಸ್ತಿ. ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಕಲ್ಲು ಪಕ್ಕದ ನಾಳವನ್ನು ಒತ್ತಬಹುದು. ಪಿತ್ತಕೋಶದ ಕ್ಯಾನ್ಸರ್ ಹೈಲಮ್‌ಗೆ ಹಬ್ಬಿ ಹೀಗೇ ಕಾಣಬಹುದು. ನಮ್ಮ ದೇಶದಲ್ಲಿ ಟಿಬಿ ಗ್ರಂಥಿಗಳನ್ನೂ ಮರೆಯುವಂತಿಲ್ಲ. ಐಜಿಜಿ4 ಅನ್ನುವ ಒಂದು ಕಾಯಿಲೆಯಂತೂ ತದ್ರೂಪ. ಅದಕ್ಕೆ ಆಪರೇಷನ್ನೇ ಬೇಡ, ಸ್ಟೀರಾಯ್ಡ್ ಮಾತ್ರೆಗೆ ಕರಗುತ್ತದೆ. ಹಾಗಾಗಿ ಇಂಥ ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್ ಮೇಲೂ ನನ್ನ ಕಣ್ಣಿರುತ್ತದೆ. ಅದು ಊದಿ ಸಾಸೇಜ್‌ನಂತೆ ನುಣ್ಣಗೆ ಕಂಡರೆ ‘ರಕ್ತದಲ್ಲಿ ಐಜಿಜಿ4 ನೋಡಿಸಿ’ ಅಂತ ಬರೆಯುತ್ತೇನೆ.

ಸಿಎ 19–9 ಅನ್ನುವ ರಕ್ತಪರೀಕ್ಷೆ ಮಾಡಿಸಿದ್ದರೆ ಆ ಅಂಕಿ ನೋಡಿ ಈಗಲೇ ಕಂಗೆಡಬೇಡಿ. ಪಿತ್ತ ಕಟ್ಟಿಕೊಂಡರೂ ಅದು ಏರುತ್ತದೆ. ಕೆಲವರ ಮೈ ಅದನ್ನು ತಯಾರಿಸುವುದೇ ಇಲ್ಲ, ಅವರಲ್ಲಿ ಕ್ಯಾನ್ಸರ್ ಇದ್ದರೂ ನಾರ್ಮಲ್. ಪೆಟ್ ಸಿಟಿ ದೂರ ಹರಡಿದೆಯಾ ನೋಡಲು ಉಪಯೋಗಕ್ಕೆ ಬರುತ್ತದೆ. ಮೊದಲ ಪರೀಕ್ಷೆಯಾಗಿ ಬೇಡ, ಸೋಂಕಿದ್ದರೂ ಅದರಲ್ಲಿ ಬೆಳಗುತ್ತದೆ.

ಸೂಜಿಯ ಮಾತು ಅರ್ಧ ನಿಜ. ಎಲ್ಲ ಗೆಡ್ಡೆಗೂ ಈ ಹೆದರಿಕೆ ಸಲ್ಲದು. ಆದರೆ ಆಪರೇಷನ್ ಅಥವಾ ಲಿವರ್ ಕಸಿ ಸಾಧ್ಯವಿರುವ ಹೈಲಮ್ ಗೆಡ್ಡೆಗೆ ಹೊಟ್ಟೆಯ ಮೇಲಿಂದ ಸೂಜಿ ಹಾಕಿದರೆ ಆ ದಾರಿಯಲ್ಲಿ ಜೀವಕೋಶ ಚೆಲ್ಲುವ ಅಪಾಯ ಇದ್ದೇ ಇದೆ, ಅದಕ್ಕೇ ಹಾಕುವುದಿಲ್ಲ. ಚಿತ್ರ ಸ್ಪಷ್ಟವಾಗಿದ್ದು ತೆಗೆಯಲು ಆಗುವಂತಿದ್ದರೆ ಎಷ್ಟೋ ಸಲ ಬಯಾಪ್ಸಿ ಇಲ್ಲದೆಯೇ ಸರ್ಜನ್ ಮುಂದುವರಿಯುತ್ತಾರೆ. ಬಯಾಪ್ಸಿ ಯಾಕೆ ಮಾಡಲಿಲ್ಲ ಅಂತ ಜಗಳಕ್ಕೆ ಹೋಗಬೇಡಿ. ಆಪರೇಷನ್ ಆಗುವುದಿಲ್ಲ, ಕೀಮೋ ಕೊಡಬೇಕು ಅಂದರೆ ಮಾತ್ರ ಬಯಾಪ್ಸಿ ಕಡ್ಡಾಯ. ಇಆರ್‌ಸಿಪಿಯಲ್ಲಿ ಬ್ರಷ್ ಹಾಕಿ ಉಜ್ಜಿ ತೆಗೆಯುವ ಪರೀಕ್ಷೆ ಕ್ಯಾನ್ಸರ್ ಇದ್ದವರಲ್ಲೂ ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತದೆ. ಅದು ‘ನೆಗೆಟಿವ್’ ಬಂತು ಅಂತ ಸಿಹಿ ಹಂಚಿದವರನ್ನು ನೋಡಿದ್ದೇನೆ. ಈಗ ನಾಳದೊಳಗೇ ಸಣ್ಣ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಿ ಚೂರು ತೆಗೆಯುವ ಸೌಲಭ್ಯ ದೊಡ್ಡ ಆಸ್ಪತ್ರೆಗಳಲ್ಲಿದೆ, ಅನುಮಾನ ಉಳಿದಾಗ ಅದು ಮೇಲು.

ನಿಮಗೆ ಬರೆದುಕೊಟ್ಟ ಸ್ಕ್ಯಾನ್‌ಗಳಲ್ಲಿ ರೇಡಿಯೇಷನ್ ಇರುವುದು ಸಿಟಿಯಲ್ಲಿ ಮಾತ್ರ. ಎಂಆರ್‌ಐಯಲ್ಲಿ, ಅಲ್ಟ್ರಾಸೌಂಡ್‌ನಲ್ಲಿ ಇಲ್ಲ. 64ನೇ ವಯಸ್ಸಿನಲ್ಲಿ, ಈ ಅನುಮಾನ ಎದುರಿಗಿರುವಾಗ, ಒಂದು ಸಿಟಿಯ ರೇಡಿಯೇಷನ್‌ಗೆ ಹೆದರುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ನೀರು ಖರ್ಚಾಗುತ್ತದೆ ಅಂದಂತೆ. ಆದರೂ ನಿಮ್ಮ ಭಯಕ್ಕೆ ಒಂದು ಹಳೇ ಕತೆಯಿದೆ. 1930ರ ದಶಕದಿಂದ 50ರ ದಶಕದವರೆಗೆ ಥೋರೋಟ್ರಾಸ್ಟ್ ಎಂಬ ಕಾಂಟ್ರಾಸ್ಟ್ ಬಳಸುತ್ತಿದ್ದರು. ಅದರಲ್ಲಿ ಇದ್ದದ್ದು ಥೋರಿಯಂ. ಒಮ್ಮೆ ಒಳಗೆ ಹೋದದ್ದು ಲಿವರ್‌ನಲ್ಲೇ ಉಳಿದು ಜೀವನಪೂರ್ತಿ ವಿಕಿರಣ ಸೂಸುತ್ತಿತ್ತು. ದಶಕಗಳ ನಂತರ ಅದೇ ಜನರಲ್ಲಿ ಪಿತ್ತನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಚಿತ್ರ ತೆಗೆಯಲು ಕೊಟ್ಟದ್ದೇ ಕಾಯಿಲೆ ತಂದಿತ್ತು. ಇವತ್ತಿನ ಕಾಂಟ್ರಾಸ್ಟ್ ಅಯೋಡಿನ್‌ನದ್ದು. ಅದರಲ್ಲಿ ವಿಕಿರಣವಿಲ್ಲ, ಕಿಡ್ನಿ ಸರಿಯಿದ್ದರೆ ಒಂದು ದಿನದಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತದೆ.

ನೀವು ಮಕ್ಕಳು ಸುಮ್ನೆ ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯವಿಲ್ಲ. ಇದು ಸಾಮಾನ್ಯವಾಗಿ ಮನೆತನದಲ್ಲಿ ಹರಿದುಬರುವ ಕಾಯಿಲೆಯಲ್ಲ. ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳಲ್ಲಿ ಅಲ್ಟ್ರಾಸೌಂಡ್ ತಪಾಸಣೆ ನಡೆಸುತ್ತಾರೆ, ನಿಜ. ಅಲ್ಲಿ ಹೊಳೆಯ ಮೀನನ್ನು ಹಸಿಯಾಗಿ ತಿನ್ನುವ ರೂಢಿಯಿದೆ. ಅದರ ಜೊತೆ ಒಂದು ಚಪ್ಪಟೆ ಹುಳು ಒಳಹೊಕ್ಕು ಪಿತ್ತನಾಳದಲ್ಲಿ ನೆಲೆಸುತ್ತದೆ, ಹಾಗಾಗಿ ಅಲ್ಲಿ ಈ ಕ್ಯಾನ್ಸರ್ ಬಹಳ. ನಾವು ಮೀನನ್ನು ಸಾರಿನಲ್ಲಿ ಕುದಿಸಿಯೇ ತಿನ್ನುವವರು, ಅಲ್ವಾ.

ಮುಂದಿನ ಭೇಟಿಗೆ ಬರೀ ರಿಪೋರ್ಟ್ ಹಾಳೆ, ಫಿಲ್ಮ್ ತೆಗೆದುಕೊಂಡು ಹೋಗಬೇಡಿ. ಸಿಟಿ, ಎಂಆರ್‌ಐ ಎರಡರದ್ದೂ ಸಿಡಿ ಕೇಳಿ ಪಡೆಯಿರಿ. ಅದರಲ್ಲಿ ಎಲ್ಲ ಸ್ಲೈಸ್‌ಗಳೂ ಇರುತ್ತವೆ, ಬೆಂಗಳೂರಿನ ಕಿದ್ವಾಯಿಗೆ ಹೋದರೂ ಮಣಿಪಾಲಕ್ಕೆ ಹೋದರೂ ಮತ್ತೆ ಸ್ಕ್ಯಾನ್ ಮಾಡಿಸುವ ಪ್ರಮೇಯ ಬರಲಿಕ್ಕಿಲ್ಲ. ಪಿತ್ತನಾಳ, ಲಿವರ್ ಆಪರೇಷನ್ ದಿನವೂ ಮಾಡುವ ಸರ್ಜನ್‌ಗೆ ಸ್ಟೆಂಟ್‌ಗೆ ಮೊದಲೇ ಆ ಸಿಡಿ ತೋರಿಸಿ. ಹಾಗೇ ಮನೆಯಲ್ಲಿ ಹಳೇ ಅಲ್ಟ್ರಾಸೌಂಡ್ ಏನಾದರೂ ಇದೆಯಾ ಹುಡುಕಿ. ಎರಡು ಮೂರು ವರ್ಷದ ಹಿಂದೆ ಕಿಡ್ನಿ ಕಲ್ಲಿಗೋ ಗ್ಯಾಸ್ಟ್ರಿಕ್‌ಗೋ ಮಾಡಿಸಿ, ಬೀರುವಿನಲ್ಲಿ ಇಟ್ಟು ಮರೆತದ್ದು ಇರಬಹುದು. ಆಗ ಎಡಗಡೆಯ ನಾಳ ಹೇಗಿತ್ತು ಅಂತ ನೋಡುವ ಆಸೆ ನನ್ನಂಥವರಿಗೆ ಇದ್ದೇ ಇರುತ್ತದೆ.